ಅವ್ವನ ರಿಮೋಟಿಗೆ ಮಾತು ಬಂತು

ಹೋದ ಚಳಿಗಾಲದಲ್ಲಿ ನಮ್ಮ ಮನೆಯ ಟಿವಿ ರಿಮೋಟು ಎಮ್ಮೆಯ ಮುಸುರಿ ಬಕೀಟಿಗೆ ಬಿತ್ತು. ಅವ್ವ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹಿತ್ತಲಿಗೆ ಹೋಗಿದ್ದಳು. ತೆಗೆದು ಒರೆಸಿ, ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆವು. ಏಳಲಿಲ್ಲ.

ಇನ್ನೊಂದು ತಂದರಾಯಿತು ಎಂದುಕೊಂಡೆವು. ಗುರುವಾರ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಒಯ್ದಿದ್ದೆವು, ಅಲ್ಲೇ ಒಂದು ಅಂಗಡಿಯಲ್ಲಿ 180 ರೂಪಾಯಿ ಕೊಟ್ಟು ತಂದೆವು. ನೋಡಲು ಹಳೆಯದರ ಅವಳಿ. ಮೈಕಿನ ಗುಂಡಿಯೂ ಇತ್ತು. ಮನೆಗೆ ಬಂದು ಒತ್ತಿದರೆ ಟಿವಿ ಹತ್ತಿತು, ಸೌಂಡು ಏರಿತು, ಇಳಿಯಿತು. ಮೈಕ್ ಒತ್ತಿದರೆ ಮಾತ್ರ ಏನೂ ಇಲ್ಲ.

ಉಳಿದವರಿಗೆ ಇದು ದೊಡ್ಡದಲ್ಲ. ಅವ್ವನಿಗೆ ಮಾತ್ರ ದೊಡ್ಡದು. ಅವಳಿಗೆ ಓದು ಬರುವುದಿಲ್ಲ. ಪರದೆ ಮೇಲಿನ ಇಂಗ್ಲಿಷ್ ಅಕ್ಷರ ಒಂದೊಂದಾಗಿ ಆರಿಸಿ ಹುಡುಕುವುದು ಆಗದ ಮಾತು. ಅಪ್ಪ ಭಜನೆಯಲ್ಲಿ ಶರೀಫರ ಪದ ಹೇಳುತ್ತಿದ್ದ. ಅವನು ಹೋದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಮೈಕ್ ಒತ್ತಿ ಆ ಪದಗಳನ್ನು ಕೇಳಿಸಿಕೊಂಡು ಕೂಡುವುದು ಅವ್ವನ ರೂಢಿ. ಈಗ ಮೊಮ್ಮಗನನ್ನು ಬೇಡಿಕೊಳ್ಳಬೇಕು, ಅವನು ಕಾರ್ಟೂನ್ ಬಿಡಲೊಲ್ಲ. ನಾಲ್ಕನೇ ದಿನ "ಬ್ಯಾಡ ಬಿಡ್ರಪಾ, ನನಗ್ಯಾಕ ಬೇಕು ಟಿವಿ" ಎಂದು ಕಟ್ಟೆಯ ಮೇಲೆ ಹೋಗಿ ಕೂತಳು. ಆ ಮಾತು ನಮಗೆ ನಾಟಿತು.

ಆಮೇಲೆ ತಿಳಿದದ್ದು ಇದು. ಒಂದೇ ರಿಮೋಟಿನಲ್ಲಿ ಎರಡು ಬಗೆಯ ಕೆಲಸ ಇರುತ್ತದೆ. ಸೌಂಡು, ಚಾನೆಲ್ಲು ಇವೆಲ್ಲ ಕಣ್ಣಿಗೆ ಕಾಣದ ಬೆಳಕಿನಿಂದ ನಡೆಯಬಹುದು. ಅದಕ್ಕೆ ಪರಿಚಯ ಬೇಕಿಲ್ಲ, ಟಿವಿ ಕಡೆ ಹಿಡಿದರೆ ಸಾಕು. ಮೊಬೈಲಿನ ಸೆಲ್ಫಿ ಕ್ಯಾಮೆರಾ ಎದುರು ರಿಮೋಟಿನ ತುದಿ ಹಿಡಿದು ಗುಂಡಿ ಒತ್ತಿ ನೋಡ್ರಿ, ಆ ಬೆಳಕು ಮಿಣುಕುವುದು ಕಾಣುತ್ತದೆ. ಆದರೆ ಮಾತು ಬೆಳಕಿನಲ್ಲಿ ಹೋಗುವುದಿಲ್ಲ, ಬ್ಲೂಟೂತಿನಲ್ಲಿ ಹೋಗುತ್ತದೆ. ಅದಕ್ಕೆ ರಿಮೋಟಿಗೂ ಟಿವಿಗೂ ಮೊದಲು ಜೋಡಿ ಮಾಡಿಸಬೇಕು. ಇದಕ್ಕೇ ಪೇರಿಂಗ್ ಅನ್ನುವುದು.

ನಮ್ಮ ಬ್ಯಾಡಗಿ ರಿಮೋಟಿಗೆ ಜೋಡಿ ಮಾಡಿಸಲು ಹೋದರೆ ಅದರ ಹೊಟ್ಟೆಯಲ್ಲಿ ಬ್ಲೂಟೂತೇ ಇರಲಿಲ್ಲ! ಮೈಕು ಬರೀ ಚಿತ್ರ. ಮಾತು ಒಳಗೆ ಹೋಗಲು ಮೇಲ್ಗಡೆ ಇರಬೇಕಾದ ಸಣ್ಣ ತೂತೂ ಇರಲಿಲ್ಲ. ಅಂಗಡಿಯವನನ್ನು ಕೇಳಿದರೆ, "ನೀವು ವಾಯ್ಸ್ ರಿಮೋಟ್ ಅಂತ ಕೇಳಲೇ ಇಲ್ಲಲ್ರಿ ಅಣ್ಣಾರ" ಅಂದ. ಅದೂ ಖರೇನೇ.

ರಾಣೇಬೆನ್ನೂರಿಗೆ ಹೋಗಿ ವಾಯ್ಸ್ ರಿಮೋಟು ಎಂದೇ ಬಾಯಿ ಬಿಟ್ಟು ಕೇಳಿ ತಂದೆವು, 650 ರೂಪಾಯಿ. ಟಿವಿಯ ಸೆಟ್ಟಿಂಗ್ಸಿನಲ್ಲಿ 'ರಿಮೋಟ್ಸ್ ಅಂಡ್ ಆಕ್ಸೆಸರೀಸ್' ತೆಗೆದು, ರಿಮೋಟಿನ ಹೋಮ್ ಮತ್ತು ಬ್ಯಾಕ್ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದೆವು. ದೀಪ ಮಿಣುಕಿತು, ಆರಿತು. ಮತ್ತೆ ಹಿಡಿದೆವು, ಮತ್ತೆ ಆರಿತು. ರಾತ್ರಿ ಹತ್ತರವರೆಗೂ ಅದೇ ಆಟ.

ಮರುದಿನ ಹಾವೇರಿಯಲ್ಲಿ ಒಬ್ಬ ರಿಪೇರಿಯವರನ್ನು ಕೇಳಿದೆವು. ಟಿವಿ ನೋಡದೆಯೇ, "ಬ್ಲೂಟೂತ್ ಬೋರ್ಡ್ ಹೋಗೈತ್ರಿ, 3,500 ಆಕ್ಕೈತಿ" ಅಂದರು. ಒಂದು ಚೀಲ ಕಾಯಿ ಮಾರಿದ ದುಡ್ಡಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು. ಹೂಂ ಅನ್ನುವುದರಲ್ಲಿದ್ದೆವು.

ತಡೆದವನು ಕಾರ್ಟೂನ್ ನೋಡುವ ಹುಡುಗನೇ. ಕುತ್ತಿಗೆಗೆ ಹಾಕಿಕೊಳ್ಳುವ ಇಯರ್‌ಫೋನನ್ನು ಟಿವಿಗೆ ಜೋಡಿಸಿ ತೋರಿಸಿದ. ಒಂದೇ ಸಲಕ್ಕೆ ಜೋಡಿ ಆಯಿತು, ಹಾಡೂ ಕೇಳಿತು. ಅಂದಮೇಲೆ ಟಿವಿಯ ಬ್ಲೂಟೂತ್ ಗಟ್ಟಿಯಾಗೇ ಇದೆ, ತಪ್ಪು ರಿಮೋಟಿನ ಕಡೆಯದು. ಬಿಚ್ಚಿ ನೋಡಿದರೆ ನಾವು ಹಾಕಿದ್ದು ಗೋಡೆ ಗಡಿಯಾರದಿಂದ ಕಿತ್ತ ಹಳೇ ಸೆಲ್ಲು! ಬೆಳಕು ಮಿಣುಕಿಸುವಷ್ಟು ಕಸುವು ಅವಕ್ಕಿತ್ತು, ಜೋಡಿ ಕಟ್ಟುವಷ್ಟು ಇರಲಿಲ್ಲ. 650 ರೂಪಾಯಿ ಕೊಟ್ಟವರು ಸೆಲ್ಲಿನಲ್ಲಿ ಉಳಿಸಲು ಹೋಗಿದ್ದೆವು.

ಹೊಸ ಸೆಲ್ಲು ಹಾಕಿ, ಟಿವಿಯ ಪಟ್ಟಿಯಲ್ಲಿ ಇನ್ನೂ ಕೂತಿದ್ದ ಸತ್ತ ರಿಮೋಟಿನ ಹೆಸರು ತೆಗೆದು, ಟಿವಿಯ ಹತ್ತಿರವೇ ನಿಂತು ಎರಡೂ ಗುಂಡಿ ಹಿಡಿದೆವು. ಹತ್ತು ಎಣಿಸುವುದರೊಳಗೆ ಜೋಡಿ ಆಯಿತು.

ನಿಮ್ಮ ಟಿವಿಗೆ ಇದೇ ಗುಂಡಿ ಅಂತಿಲ್ಲ. ಸ್ಯಾಮ್‌ಸಂಗ್ ಸ್ಮಾರ್ಟ್ ರಿಮೋಟಿಗೆ ರಿಟರ್ನ್ ಮತ್ತು ಪ್ಲೇ ಗುಂಡಿಗಳನ್ನು ಒಟ್ಟಿಗೆ ಹಿಡಿಯಬೇಕು, ಎಲ್‌ಜಿ ಮ್ಯಾಜಿಕ್ ರಿಮೋಟಿಗೆ ನಡುವಿನ ಚಕ್ರ ಒತ್ತಬೇಕು, ಫೈರ್ ಟಿವಿಗೆ ಹೋಮ್ ಗುಂಡಿಯೊಂದನ್ನೇ ಹತ್ತು ಸೆಕೆಂಡು. ರಿಮೋಟು ಪೂರ್ತಿ ಹೋಗಿದ್ದರೆ, ಆಂಡ್ರಾಯ್ಡ್ ಟಿವಿಯ ಯುಎಸ್‌ಬಿ ತೂತಿಗೆ ಕಂಪ್ಯೂಟರಿನ ಮೌಸ್ ಚುಚ್ಚಿದರೂ ಸೆಟ್ಟಿಂಗ್ಸ್ ತೆಗೆಯಬಹುದು.

ಅವ್ವನನ್ನು ಕಟ್ಟೆಯಿಂದ ಕರೆದೆವು. ಮೊದಲು ಒಲ್ಲೆ ಅಂದಳು. ಆಮೇಲೆ ಬಂದು, ರಿಮೋಟನ್ನು ಬಾಯಿ ಹತ್ತಿರ ಹಿಡಿದು "ಶರೀಫ" ಅಂದಳು. ಟಿವಿ ಯಾವುದೋ ಇಂಗ್ಲಿಷ್ ಸಿನಿಮಾ ತೆಗೆಯಿತು. ದೊಡ್ಡ ಟೋಪಿ, ಸೊಂಟಕ್ಕೆ ಪಿಸ್ತೂಲು, ಕುದುರೆ ಮೇಲೊಬ್ಬ ಶೆರಿಫ್! ಶಿಗ್ಗಾಂವಿ ತಾಲ್ಲೂಕಿನ ಶರೀಫರು ನಮ್ಮ ಜಿಲ್ಲೆಯವರೇ, ಆದರೆ ಟಿವಿಗೆ ಏನು ಗೊತ್ತು.

"ಅಂವಲ್ಲೋ, ನಮ್ಮ ಶಿಶುನಾಳ ಶರೀಫಜ್ಜ" ಎಂದು ಅವ್ವ ಟಿವಿಗೇ ಗದರಿದಳು. ಈ ಸಲ ಸಿ. ಅಶ್ವತ್ಥ್ ಅವರ ದನಿ ಬಂತು. ಅವ್ವ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು, ಸೌಂಡನ್ನು ತಾನೇ ಎರಡು ಗೀಟು ಏರಿಸಿದಳು.

ಬ್ಯಾಡಗಿಯ ರಿಮೋಟು ಈಗ ಹುಡುಗನ ಹತ್ತಿರ ಇದೆ. ಪದ ನಡೆದಾಗ ಚಾನೆಲ್ ಬದಲಿಸುವುದಕ್ಕೆ ಅದು ಸಾಕಾಗುತ್ತದೆ, ದಿನಾ ಸಂಜೆ ಜಗಳಕ್ಕೂ.