ಸ್ಲೈಡ್ ಮಕ್ಕಳಿಗೆ, ಮೂಲ ಮೇಷ್ಟ್ರಿಗೆ

ತರಗತಿಯಲ್ಲಿ ತೋರಿಸಿದ ಸ್ಲೈಡುಗಳನ್ನು ವಿದ್ಯಾರ್ಥಿಗಳಿಗೆ ಕೊಡುವ ಹೊತ್ತಿಗೆ ಶಿಕ್ಷಕರ ಮನಸ್ಸಿನಲ್ಲಿ ಎರಡು ಆತಂಕಗಳು ಕಲಸಿಹೋಗಿರುತ್ತವೆ. ಮೂಲ ಕಡತ ಯಾರ ಕೈಯಲ್ಲೂ ಕೆಡಬಾರದು ಎಂಬುದು ಒಂದು, ಯಾರೂ ಅದನ್ನು ನಕಲು ಮಾಡಿಕೊಳ್ಳಬಾರದು ಎಂಬುದು ಇನ್ನೊಂದು. ಮೊದಲನೆಯದು ನ್ಯಾಯವಾದದ್ದು, ಸುಲಭವೂ ಹೌದು. ಎರಡನೆಯದು ಆಗುವ ಮಾತಲ್ಲ. ಪರದೆಯ ಮೇಲೆ ಕಂಡದ್ದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವವರನ್ನು ಯಾವ ಬೀಗವೂ ತಡೆಯದು. ಕಲಿಯುವವರು ಪಾಠವನ್ನು ಬರೆದಿಟ್ಟುಕೊಳ್ಳಬೇಕಾದವರೇ ಆದ್ದರಿಂದ ತಡೆಯಬೇಕಾದ ಅಗತ್ಯವೂ ಇಲ್ಲ.

ಗೂಗಲ್ ಸ್ಲೈಡ್ಸ್‌ನಲ್ಲಿ ಎಡವಟ್ಟಾಗುವುದು ಲಿಂಕ್ ಕಳಿಸುವ ಗಡಿಬಿಡಿಯಲ್ಲಿ. ಲಿಂಕ್ ಸಿಕ್ಕವರಿಗೆಲ್ಲ ‘ಎಡಿಟರ್’ ಅಧಿಕಾರ ಕೊಟ್ಟುಬಿಟ್ಟರೆ ಇಡೀ ತರಗತಿ ಒಂದೇ ಕಡತದಲ್ಲಿ ಕೈಯಾಡಿಸುತ್ತದೆ. ಯಾರಿಗೂ ಕೆಡಿಸುವ ಉದ್ದೇಶ ಇರಬೇಕೆಂದಿಲ್ಲ. ಸ್ಲೈಡ್ ಸರಿಸಲು ಹೋದ ಬೆರಳು ಹೃದಯದ ಚಿತ್ರವನ್ನೇ ಮೂಲೆಗೆ ಎಳೆದುಬಿಡಬಹುದು, ಮರುಕ್ಷಣ ಎಲ್ಲರ ಪರದೆಯಲ್ಲೂ ಅದು ಮೂಲೆಯಲ್ಲೇ ಇರುತ್ತದೆ. ‘ವ್ಯೂವರ್’ ಎಂದು ಇಟ್ಟರೆ ಈ ತಾಪತ್ರಯವಿಲ್ಲ. ಕೆಟ್ಟೇಹೋಗಿದ್ದರೆ ವರ್ಷನ್ ಹಿಸ್ಟರಿಗೆ ಹೋಗಿ ಹಳೆಯ ರೂಪವನ್ನು ಮರಳಿ ಪಡೆಯಬಹುದು. ವಿದ್ಯಾರ್ಥಿಗಳೇ ಉತ್ತರ ತುಂಬಬೇಕಾದ ಸ್ಲೈಡುಗಳಾದರೆ, ಗೂಗಲ್ ಕ್ಲಾಸ್‌ರೂಮ್‌ನ ಅಸೈನ್‌ಮೆಂಟಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಪ್ರತಿ ಮಾಡಿಕೊಡುವ ಆಯ್ಕೆಯೇ ಎಲ್ಲಕ್ಕಿಂತ ಒಳ್ಳೆಯದು.

ಪವರ್‌ಪಾಯಿಂಟ್ ಕಡತವನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರೆ ಹೋಗುವುದು ಪ್ರತಿ, ಮೂಲಕ್ಕೆ ಧಕ್ಕೆಯಿಲ್ಲ. ಆದರೆ ಯಾರೋ ತಿದ್ದಿದ ಸೂತ್ರ ಶಿಕ್ಷಕರ ಹೆಸರು ಹೊತ್ತುಕೊಂಡೇ ಮುಂದಿನ ವರ್ಷದವರ ಕೈ ಸೇರಬಹುದು. ‘ಮಾರ್ಕ್ ಆ್ಯಸ್ ಫೈನಲ್’ ಎಂಬುದು ಬರೀ ವಿನಂತಿ, ಒಂದು ಕ್ಲಿಕ್ಕಿಗೆ ಕಳಚುತ್ತದೆ. ನೇರವಾಗಿ ಪ್ರದರ್ಶನವಾಗಿ ತೆರೆದುಕೊಳ್ಳುವ ಪಿಪಿಎಸ್‌ಎಕ್ಸ್ ಕಡತವನ್ನೂ ಪವರ್‌ಪಾಯಿಂಟ್‌ನ ಒಳಗಿನಿಂದ ತೆರೆದರೆ ತಿದ್ದಬಹುದು.

ಹಾಗಾಗಿ ಹೆಚ್ಚಿನವರು ಪಿಡಿಎಫ್‌ಗೆ ಮೊರೆಹೋಗುತ್ತಾರೆ, ಅದು ಸರಿಯೂ ಹೌದು. ಅಡೋಬಿ 1993ರಲ್ಲಿ ಹೊರತಂದ, 2008ರಲ್ಲಿ ಐಎಸ್‌ಒ ಮಾನಕವಾದ ಈ ರೂಪವನ್ನು ತಿದ್ದಲಾಗದು ಎಂದೇನಿಲ್ಲ, ಕೈತಪ್ಪಿ ಮಾತ್ರ ತಿದ್ದಿಹೋಗುವುದಿಲ್ಲ. ಕನ್ನಡದ ಶಿಕ್ಷಕರಿಗೆ ಇದರಿಂದ ಇನ್ನೊಂದು ಉಪಕಾರವಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಸ್ಲೈಡು, ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಫಾಂಟನ್ನು ಒಳಗೇ ಸೇರಿಸಿಕೊಂಡ ಪಿಡಿಎಫ್‌ನಲ್ಲಿ ಒತ್ತಕ್ಷರವೂ ಸ್ವಸ್ಥಾನದಲ್ಲೇ ಇರುತ್ತದೆ. ಅನಿಮೇಷನ್ ಮಾತ್ರ ಉಳಿಯುವುದಿಲ್ಲ. ಒಂದೊಂದೇ ಕ್ಲಿಕ್ಕಿಗೆ ಮೂಡಿ ಮರೆಯಾಗಬೇಕಿದ್ದ ಪ್ರಶ್ನೆಯೂ ಉತ್ತರವೂ ಒಂದರ ಮೇಲೊಂದು ಬಿದ್ದಿರುತ್ತವೆ. ಅಂಥ ಸ್ಲೈಡನ್ನು ಮೊದಲೇ ಎರಡು ಮೂರಾಗಿ ಒಡೆದಿಟ್ಟುಕೊಳ್ಳುವುದು ಲೇಸು.

ಇನ್ನೂ ಬಿಗಿ ಮಾಡುವ ಹಟದಲ್ಲಿ ಕೆಲವರು ಪ್ರತಿ ಸ್ಲೈಡನ್ನೂ ಚಿತ್ರವಾಗಿಸಿ ಕೊಡುತ್ತಾರೆ. ಇದು ಅನ್ಯಾಯ. ಕಣ್ಣು ಕಾಣದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್‌ಗೆ ಅದರಲ್ಲಿ ಓದಲು ಒಂದಕ್ಷರವೂ ಸಿಗುವುದಿಲ್ಲ. ಹಳೆಯ ಫಾಂಟಿನ ಪಿಡಿಎಫ್ ಕೂಡ ಕಣ್ಣಿಗೆ ಕನ್ನಡ, ಕಿವಿಗೆ ಬಡಬಡಿಕೆ. ಅಂಥವರಿಗೂ ಮಂದದೃಷ್ಟಿಯವರಿಗೂ ಯುನಿಕೋಡ್‌ನಲ್ಲಿ ಟೈಪಿಸಿದ, ಬೀಗವಿಲ್ಲದ ಪಿಪಿಟಿಯ ಪ್ರತಿಯನ್ನೇ ಕೊಡಬೇಕು. ಅಕ್ಷರ ಹಿಗ್ಗಿಸಿಕೊಳ್ಳಲಿ, ಬಣ್ಣ ಬದಲಿಸಿಕೊಳ್ಳಲಿ. ಮೂಲ ಹೇಗೂ ಶಿಕ್ಷಕರ ಬಳಿ ಭದ್ರವಾಗಿದೆ.