ಬೆಂಚಿನಿಂದ, ಭಾಗ 5: ಸೋಲೋಕೂ ಮ್ಯಾಚ್ ಬೇಕು ಕಣ್ರೋ

1/7

ಮೊದಲ ಫೋಟೋ ನೋಡಿ ಬೈಕ್ ಸ್ಟ್ಯಾಂಡ್ ಅಂದ್ಕೊಂಡ್ರಾ? ತಪ್ಪಿಲ್ಲ. ಬೆಳಗ್ಗೆ ಒಂಬತ್ತರ ಮೇಲೆ ಅದು ಬೈಕ್ ಸ್ಟ್ಯಾಂಡೇ. ಆರರಿಂದ ಎಂಟರ ತನಕ ಮಾತ್ರ ಅದು ನಮ್ಮ ಬ್ಯಾಸ್ಕೆಟ್‌ಬಾಲ್ ಕೋರ್ಟ್. ಫ್ರೀ ಥ್ರೋ ಗೆರೆ ನಾವೇ ಸುಣ್ಣದಲ್ಲಿ ಎಳೀತೀವಿ, ಮಳೆ ಬಂದು ಅಳಿಸತ್ತೆ, ಮತ್ತೆ ಎಳೀತೀವಿ. ಒಂದು ರಿಂಗಿಗೆ ನೆಟ್ ಇದೆ, ಇನ್ನೊಂದಕ್ಕೆ ಇಲ್ಲ. ನೆಟ್ ಇಲ್ಲದ ಕಡೆ ಬಾಲ್ ಒಳಗೆ ಹೋಯ್ತಾ ಹೊರಗೆ ಹೋಯ್ತಾ ಅಂತ ದಿನಾ ಜಗಳ.

ಹೋದ ವರ್ಷದ ಇಂಟರ್ ಕಾಲೇಜಿಯೇಟ್ ಕಥೆ ನಿಮಗೆ ಗೊತ್ತೇ ಇದೆ. ಕ್ಲಾಸ್ ಗ್ರೂಪಲ್ಲಿ ಮೀಮ್ ಮಾಡಿದವರು ನೀವೇ ಅಲ್ವಾ. 58–17. ಹದಿನೇಳು ನಮ್ಮದು. ಅದರಲ್ಲಿ ನನ್ನ ಪಾಲು ಸೊನ್ನೆ. ಮೂರು ನಿಮಿಷ ನಲವತ್ತು ಸೆಕೆಂಡ್ ಆಡಿದೆ, ಒಂದು ಟ್ರಾವೆಲಿಂಗ್ ಮಾಡಿದೆ, ಒಂದು ಶಾಟ್ ಹೊಡೆದೆ. ಅದು ಬೋರ್ಡಿಗೂ ತಾಗಲಿಲ್ಲ.

ಹತ್ತೂಕಾಲಿಗೆ ಮ್ಯಾಚ್ ಶುರು, ಹನ್ನೊಂದೂವರೆಗೆ ಮುಗೀತು. ನಾಕೌಟ್ ಅಲ್ವಾ, ಸೋತವರು ಮನೆಗೆ. ಹನ್ನೆರಡು ಗಂಟೆಗೆ ಬಸ್ಸಲ್ಲಿ ಕೂತಿದ್ವಿ. ಇಡೀ ವರ್ಷದ ಸೀಸನ್ ಅಷ್ಟೇ. ಬಸ್ಸಿಗೆ ಕಾದ ಟೈಮೂ ಆಡಿದ ಟೈಮೂ ಹೆಚ್ಚು ಕಮ್ಮಿ ಒಂದೇ.

2/7

ಸೋತಿದ್ದಕ್ಕಿಂತ ಆಮೇಲೆ ಆಗಿದ್ದು ಜಾಸ್ತಿ ನೋವು ಕೊಟ್ಟಿತು.

ಎದುರು ಟೀಮಲ್ಲಿ ಏಳನೇ ನಂಬರ್ ಜೆರ್ಸಿಯವನು ಒಬ್ಬನಿದ್ದ. ಒಬ್ಬನೇ ಇಪ್ಪತ್ತಕ್ಕೂ ಹೆಚ್ಚು ಪಾಯಿಂಟ್ ಹೊಡೆದ. ನಾನು ಬೆಂಚಲ್ಲಿ ಕೂತು ಅವನನ್ನೇ ನೋಡ್ತಿದ್ದೆ, ಮಾಡೋಕೆ ಬೇರೆ ಕೆಲಸ ಇರಲಿಲ್ಲ. ನಾಲ್ಕನೇ ಕ್ವಾರ್ಟರಲ್ಲಿ ಒಂದು ವಿಷಯ ಹೊಳೀತು: ಅವನು ಯಾವಾಗಲೂ ಬಲಕ್ಕೇ ಹೋಗ್ತಾನೆ. ಎಡಗೈ ವೀಕ್. ಬಲಗಡೆ ಅಡ್ಡ ನಿಂತ್ರೆ ಅವನ ಅರ್ಧ ಆಟ ಮುಗೀತು.

ಈ ಜ್ಞಾನ ಇಟ್ಕೊಂಡು ನಾನು ಏನ್ ಮಾಡ್ಲಿ ಹೇಳಿ? ಅವರನ್ನ ಮತ್ತೆ ಎದುರಿಸೋದು ಮುಂದಿನ ವರ್ಷ, ಅದೂ ಡ್ರಾ ಹಾಗೆ ಬಿದ್ದರೆ. ಅಷ್ಟರಲ್ಲಿ ಅವನ ಡಿಗ್ರಿ ಮುಗಿದಿರತ್ತೆ.

ವಾಪಸ್ ಬಂದ ತಿಂಗಳಲ್ಲೇ ಮೂರು ಜನ ಬಿಟ್ರು. ಒಬ್ಬ ಸಿಎ ಫೌಂಡೇಶನ್ ಕೋಚಿಂಗ್ ಸೇರ್ಕೊಂಡ. ಒಬ್ಬನಿಗೆ ಬಟ್ಟೆ ಅಂಗಡಿಯಲ್ಲಿ ಸಂಜೆ ಕೆಲಸ, ರಾತ್ರಿ ಹತ್ತಕ್ಕೆ ಮನೆಗೆ ಹೋಗಿ ಬೆಳಗ್ಗೆ ಆರಕ್ಕೆ ಬಾ ಅಂತ ನಾನು ಹೇಗೆ ಹೇಳ್ಲಿ? ಮೂರನೇಯವನು ಕಾರಣ ಹೇಳಲಿಲ್ಲ. "ಬಿಡೋ ಮಗಾ, ವರ್ಷಕ್ಕೊಂದ್ ಸಲ ಮರ್ಯಾದೆ ಕಳ್ಕೊಳ್ಳೋಕೆ ವರ್ಷಪೂರ್ತಿ ಪ್ರಾಕ್ಟೀಸಾ?" ಅಂದ. ನನ್ನ ಹತ್ರ ಉತ್ತರ ಇರಲಿಲ್ಲ.

3/7

ಆ ರಾತ್ರಿ ಫೋನ್ ಹಿಡ್ಕೊಂಡು ಹುಡುಕಿದ್ದು ಏನ್ ಗೊತ್ತಾ? ಪ್ರಪಂಚದಲ್ಲಿ ಅತಿ ಹೆಚ್ಚು ಸೋತ ಕಾಲೇಜ್ ಟೀಮ್ ಯಾವುದು ಅಂತ. ನಮಗಿಂತ ಕೆಳಗೆ ಯಾರಾದ್ರೂ ಇದ್ರೆ ನಿದ್ದೆ ಬರಬಹುದು ಅನ್ನೋ ಆಸೆ, ಅಷ್ಟೇ.

ಸಿಕ್ಕಿದ್ದು ಕ್ಯಾಲ್‌ಟೆಕ್. ಹೌದು, ಅದೇ ಕ್ಯಾಲ್‌ಟೆಕ್. ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿರೋದು. ರಿಚರ್ಡ್ ಫೈನ್‌ಮನ್ ಪಾಠ ಮಾಡಿದ ಜಾಗ. ಮಂಗಳ ಗ್ರಹಕ್ಕೆ ರೋವರ್ ಕಳಿಸೋ ಜೆಪಿಎಲ್ ಲ್ಯಾಬನ್ನ ನಾಸಾಗೋಸ್ಕರ ನಡೆಸೋದು ಇದೇ ಸಂಸ್ಥೆ. ಓದಲ್ಲಿ ಅಷ್ಟು ದೊಡ್ಡ ಹೆಸರು, ಡಿಗ್ರಿ ಓದೋ ಹುಡುಗ ಹುಡುಗಿಯರು ಎಲ್ಲಾ ಸೇರಿ ಸುಮಾರು ಒಂದು ಸಾವಿರ.

ಅಲ್ಲಿ ಕಾಲೇಜ್ ಆಟಕ್ಕೆ ಎನ್‌ಸಿಎಎ ಅಂತ ಒಂದು ಸಂಸ್ಥೆ ಇದೆ, ಅದರಲ್ಲಿ ಮೂರು ಡಿವಿಷನ್. ನಾವು ಟೀವಿಯಲ್ಲಿ ನೋಡೋದು, ಎನ್‌ಬಿಎಗೆ ಹುಡುಗರನ್ನ ಕಳಿಸೋದು ಹೆಚ್ಚಾಗಿ ಡಿವಿಷನ್ 1. ಕ್ಯಾಲ್‌ಟೆಕ್ ಇರೋದು ಡಿವಿಷನ್ 3ರಲ್ಲಿ. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋ ಹಾಗಿಲ್ಲ. ಜೊತೆಗೆ ಕ್ಯಾಲ್‌ಟೆಕ್ ಆಟಗಾರರಿಗೋಸ್ಕರ ಅಡ್ಮಿಷನ್ ಮಟ್ಟ ಇಳಿಸಲ್ಲ. ಆರೂವರೆ ಅಡಿ ಇದ್ರೂ ಗಣಿತ ಬರದಿದ್ರೆ ಸೀಟಿಲ್ಲ. ಹಾಗಾಗಿ ಎಷ್ಟೋ ವರ್ಷ ಟೀಮಲ್ಲಿ ಹೈಸ್ಕೂಲ್ ಟೀಮಿಗೂ ಆಡದೇ ಇದ್ದ ಹುಡುಗರಿದ್ರು. ಲ್ಯಾಬ್ ಮುಗಿಸಿ ಪ್ರಾಕ್ಟೀಸಿಗೆ, ಪ್ರಾಕ್ಟೀಸ್ ಮುಗಿಸಿ ಹೋಮ್‌ವರ್ಕಿಗೆ.

ಈಗ ಲೆಕ್ಕ ಕೇಳಿ. ತಮ್ಮ ಕಾನ್ಫರೆನ್ಸಲ್ಲಿ ಕ್ಯಾಲ್‌ಟೆಕ್ 1985ರಲ್ಲಿ ಒಂದು ಮ್ಯಾಚ್ ಗೆದ್ದಿತ್ತು. ಅದರ ನಂತರದ ಗೆಲುವು 2011ರಲ್ಲಿ. ಮಧ್ಯೆ ಸತತ 310 ಸೋಲು.

ಮುನ್ನೂರ ಹತ್ತು, ಗುರು. ನಿದ್ದೆ ಬರತ್ತೆ ಅಂದ್ಕೊಂಡಿದ್ದೆ, ಎದ್ದು ಕೂತೆ.

4/7

ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಇದು ಬರೀ ಜೋಕ್ ಅಲ್ಲ.

2002ರ ಹೊತ್ತಿಗೆ ರಾಯ್ ಡೌ ಅನ್ನೋ ಕೋಚ್ ಬಂದ್ರು. 2007ರ ಜನವರಿ 6ರಂದು ಅವರ ಟೀಮ್ ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜನ್ನ 81–52ರಿಂದ ಸೋಲಿಸಿತು. ಡಿವಿಷನ್ 3 ಟೀಮುಗಳ ವಿರುದ್ಧ 207 ಸೋಲಿನ ಸರಣಿ ಅಲ್ಲಿಗೆ ಮುಗೀತು. ಅವರ ಮೇಲೆ 'ಕ್ವಾಂಟಮ್ ಹೂಪ್ಸ್' ಅಂತ ಒಂದು ಡಾಕ್ಯುಮೆಂಟರಿ ಕೂಡ ಇದೆ. ಆದ್ರೆ ಬಾರ್ಡ್ ಇವರ ಕಾನ್ಫರೆನ್ಸಿನ ಕಾಲೇಜಲ್ಲ. ಅಕ್ಕಪಕ್ಕದ ಕಾಲೇಜುಗಳ ವಿರುದ್ಧ ಸೋಲು ಹಾಗೇ ಮುಂದುವರೀತು, ಇನ್ನೂ ನಾಲ್ಕು ವರ್ಷ.

2008ರಲ್ಲಿ ಆಲಿವರ್ ಎಸ್ಲಿಂಗರ್ ಕೋಚ್ ಆದ್ರು. ಕ್ರೀಡಾ ಮನಶ್ಶಾಸ್ತ್ರ ಓದಿದವರು. ಓದಲ್ಲೂ ಮುಂದೆ, ಆಟವೂ ಗೊತ್ತು ಅನ್ನೋ ಹುಡುಗರನ್ನ ಹುಡುಕಿ ಕರೆತರೋಕೆ ಶುರು ಮಾಡಿದ್ರು.

2011ರ ಫೆಬ್ರವರಿ 22. ಸೀಸನ್ನಿನ ಕೊನೇ ಮ್ಯಾಚ್, ತಮ್ಮದೇ ಕೋರ್ಟಲ್ಲಿ, ಎದುರಿಗೆ ಆಕ್ಸಿಡೆಂಟಲ್ ಕಾಲೇಜ್. ಸ್ಕೋರ್ 45–45. ಮೂರು ಚಿಲ್ಲರೆ ಸೆಕೆಂಡ್ ಬಾಕಿ. ಫ್ರೀ ಥ್ರೋ ಗೆರೆ ಮೇಲೆ ರಯನ್ ಎಲ್ಮ್‌ಕ್ವಿಸ್ಟ್, ಕಂಪ್ಯೂಟರ್ ಸೈನ್ಸ್ ಫೈನಲ್ ಇಯರ್. ಟೀಮ್ ಕೊನೇ ಸಲ ಕಾನ್ಫರೆನ್ಸ್ ಮ್ಯಾಚ್ ಗೆದ್ದಾಗ ಅವನು ಹುಟ್ಟೇ ಇರಲಿಲ್ಲ. ಬಾಲ್ ಒಳಗೆ ಹೋಯ್ತು. 46–45. ಮ್ಯಾಚ್ ಮುಗಿದ ಕೂಡಲೇ ನೋಡ್ತಿದ್ದವರೆಲ್ಲ ಕೋರ್ಟಿಗೆ ನುಗ್ಗಿದ್ರು.

ನಾನು ಯೋಚನೆ ಮಾಡಿದ್ದು ಎಲ್ಮ್‌ಕ್ವಿಸ್ಟ್ ಬಗ್ಗೆ ಅಲ್ಲ. ಅಲ್ಲಿ ಡಿಗ್ರಿ ನಾಲ್ಕು ವರ್ಷ. ಇಪ್ಪತ್ತಾರು ವರ್ಷ ಅಂದ್ರೆ ಆರೇಳು ತಲೆಮಾರಿನ ಹುಡುಗರು. ಅವರು ಸೇರಿದ್ರು, ನಾಲ್ಕು ವರ್ಷ ಆಡಿದ್ರು, ಒಂದೇ ಒಂದು ಕಾನ್ಫರೆನ್ಸ್ ಮ್ಯಾಚ್ ಗೆಲ್ಲದೆ ಡಿಗ್ರಿ ತಗೊಂಡು ಹೋದ್ರು. ಅವರಲ್ಲಿ ಯಾವುದೋ ಒಂದು ಬ್ಯಾಚ್ "ಸಾಕು, ಈ ವರ್ಷ ಟೀಮ್ ಬೇಡ" ಅಂದಿದ್ರೆ 2011ರಲ್ಲಿ ಆ ಗೆರೆ ಮೇಲೆ ನಿಲ್ಲೋಕೆ ಯಾರಿರ್ತಿದ್ರು?

5/7

ಎರಡು ದಿನ ಇದೇ ತಲೇಲಿ ತಿರುಗಿತು. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು, ಅದನ್ನ ಹೇಳೋಕೇ ಈ ಪೋಸ್ಟ್.

310 ಸಲ ಸೋಲಬೇಕಂದ್ರೆ 310 ಮ್ಯಾಚ್ ಆಡಬೇಕು.

ಅಲ್ಲಿ ಕಾನ್ಫರೆನ್ಸ್ ಅಂದ್ರೆ ಅಕ್ಕಪಕ್ಕದ ಏಳೆಂಟು ಕಾಲೇಜುಗಳ ಗುಂಪು. ಪ್ರತಿ ಟೀಮ್ ಇನ್ನೊಂದು ಟೀಮಿನ ಜೊತೆ ಎರಡು ಸಲ ಆಡತ್ತೆ, ಒಂದು ಸಲ ತನ್ನ ಊರಲ್ಲಿ, ಒಂದು ಸಲ ಅವರ ಊರಲ್ಲಿ. ಇವತ್ತು ನಲವತ್ತು ಪಾಯಿಂಟಿಂದ ಸೋತ್ರೂ ಮುಂದಿನ ಮ್ಯಾಚ್ ಇದ್ದೇ ಇದೆ. ಏಳನೇ ನಂಬರಿನವನ ಎಡಗೈ ವೀಕ್ ಅಂತ ಜನವರಿಯಲ್ಲಿ ಗೊತ್ತಾದ್ರೆ ಫೆಬ್ರವರಿಯಲ್ಲಿ ಅವನು ಮತ್ತೆ ಸಿಗ್ತಾನೆ.

ಇದೇ ಕಾನ್ಫರೆನ್ಸಲ್ಲಿ ಪೊಮೋನಾ-ಪಿಟ್ಜರ್ ಅಂತ ಇನ್ನೊಂದು ಟೀಮ್ ಇದೆ. 1979ರಲ್ಲಿ ಅಲ್ಲಿಗೆ ಒಬ್ಬ ಹೊಸ ಕೋಚ್ ಬಂದ್ರು. ಮೊದಲ ಸೀಸನ್ ಎರಡು ಗೆಲುವು, 22 ಸೋಲು. ಕ್ಯಾಲ್‌ಟೆಕ್ ಕೈಲೂ ಸೋತ್ರು! 1986ರಲ್ಲಿ ಅದೇ ಕೋಚ್ ಆ ಟೀಮಿಗೆ ಕಾನ್ಫರೆನ್ಸ್ ಚಾಂಪಿಯನ್‌ಶಿಪ್ ಗೆಲ್ಲಿಸಿಕೊಟ್ರು. ಅವರ ಹೆಸರು ಗ್ರೆಗ್ ಪೊಪೊವಿಚ್. ಆಮೇಲೆ ಸ್ಯಾನ್ ಆಂಟೋನಿಯೋ ಸ್ಪರ್ಸ್ ಜೊತೆ ಐದು ಎನ್‌ಬಿಎ ಚಾಂಪಿಯನ್‌ಶಿಪ್. 2–22 ಆದ ಮೇಲೂ ಅವರಿಗೆ ಇನ್ನೊಂದು ಸೀಸನ್ ಸಿಕ್ತು ಅನ್ನೋದನ್ನ ಮರೀಬೇಡಿ.

ನಮಗೆ ಎಷ್ಟು ಸಿಗತ್ತೆ? ಡಿಗ್ರಿ ಮೂರು ವರ್ಷ, ವರ್ಷಕ್ಕೊಂದು ನಾಕೌಟ್, ಮೊದಲ ರೌಂಡಲ್ಲೇ ಹೊರಗೆ. ಒಟ್ಟು ಮೂರು ಮ್ಯಾಚ್. ನಮ್ಮ ಸ್ಪೀಡಲ್ಲಿ 310 ಸೋಲೋಕೆ 310 ವರ್ಷ ಬೇಕು.

ನಾವು ಸೋಲ್ತೀವಿ ಅನ್ನೋದು ನಮ್ಮ ಸಮಸ್ಯೆ ಅಲ್ಲ. ಸಾಕಷ್ಟು ಸೋಲೋಕೆ ನಮಗೆ ಚಾನ್ಸೇ ಸಿಗ್ತಿಲ್ಲ.

6/7

ಅವರಿಗೂ ನಮಗೂ ಹೋಲಿಕೆನೇ ಇಲ್ಲ, ಗೊತ್ತು. ಅವರಿಗೆ ಇಂಡೋರ್ ಕೋರ್ಟ್, ಸಂಬಳದ ಕೋಚ್. ನಮಗೆ ಬೈಕ್ ಸ್ಟ್ಯಾಂಡ್, ಮತ್ತೆ ಕಬಡ್ಡಿಯಿಂದ ಚೆಸ್ ತನಕ ಎಲ್ಲಾ ಒಬ್ಬರೇ ನೋಡ್ಕೊಳ್ಳೋ ಪಿಡಿ ಸರ್.

ಆದ್ರೆ ಚಿಕ್ಕ ಟೀಮಿಗೆ ಅದರದೇ ಶಕ್ತಿ ಇರತ್ತೆ. ನಮ್ಮಲ್ಲಿ ಯಾರೂ ಕೋಟಾಗೋಸ್ಕರ ಬಂದಿಲ್ಲ, ಆಟ ಬೇಕು ಅಂತ ಬಂದವರೇ. ಆ 46–45 ಸ್ಕೋರ್ ನೋಡಿ, ಎಷ್ಟು ಕಮ್ಮಿ. ವೀಕ್ ಟೀಮಿಗೆ ನಿಧಾನದ ಆಟವೇ ಮದ್ದು. ಬಾಲನ್ನ ನಾಲ್ಕು ಕೈ ದಾಟಿಸಿ, 24 ಸೆಕೆಂಡಿನ ಕೊನೆಗೆ ಶಾಟ್ ಹೊಡೆದ್ರೆ ಎದುರಿನವರಿಗೆ ಬಾಲ್ ಸಿಗೋದೇ ಕಮ್ಮಿ. ಅಂತರ ಚಿಕ್ಕದಾದಷ್ಟೂ ಒಂದು ಫ್ರೀ ಥ್ರೋಗೆ ಬೆಲೆ ಜಾಸ್ತಿ. ಇದಕ್ಕೆ ಹೈಟ್ ಬೇಡ, ಒಬ್ಬರನ್ನೊಬ್ಬರು ನಂಬಿ ಪಾಸ್ ಕೊಡಬೇಕು ಅಷ್ಟೇ. ಆದ್ರೆ ಅದು ಬರೋದು ಮ್ಯಾಚ್ ಆಡಿ ಆಡಿ, ಪ್ರಾಕ್ಟೀಸಲ್ಲಿ ಬರಲ್ಲ.

ಅದಕ್ಕೇ ಒಂದು ಪ್ಲಾನ್ ಮಾಡಿದೀನಿ. ಕೊನೇ ಫೋಟೋ, ಎಕ್ಸೆಲ್ ಶೀಟ್, ಜೂಮ್ ಮಾಡಿ ನೋಡಿ.

ನಲವತ್ತು ಕಿಲೋಮೀಟರ್ ಒಳಗೆ ನಮ್ಮ ಥರದ್ದೇ ಇನ್ನೂ ಮೂರು ಕಾಲೇಜಿವೆ. ನಾಲ್ಕೂ ಸೇರಿ ಶನಿವಾರ ಶನಿವಾರ ಒಂದು ಲೀಗ್. ಪ್ರತಿಯೊಬ್ಬರ ಜೊತೆ ಎರಡು ಸಲ, ಅಂದ್ರೆ ಒಂದು ಟೀಮಿಗೆ ಆರು ಮ್ಯಾಚ್. ಮೂರು ಇಲ್ಲಿ, ಮೂರು ಅಲ್ಲಿ. ನಮ್ಮ ಖರ್ಚು: ಹತ್ತು ಜನಕ್ಕೆ ಬಸ್ ಚಾರ್ಜ್ 2,700, ಎರಡು ಬಾಲ್ 2,400, ಸುಣ್ಣ ಮತ್ತೆ ನೆಟ್ಟಿಗೆ 600, ರೆಫರಿ ಪೆಟ್ರೋಲಿಗೆ 900. ಒಟ್ಟು 6,600, ತಲೆಗೆ 660. ರೆಫರಿ ನಮ್ಮ ಸೀನಿಯರ್ ಅಣ್ಣ, ಈಗ ಹೈಸ್ಕೂಲಲ್ಲಿ ಪಿಟಿ ಮೇಷ್ಟ್ರು. "ದುಡ್ಡು ಬೇಡ ಕಣೋ, ಟೀ ಕೊಡ್ಸಿ ಸಾಕು" ಅಂದಿದಾರೆ. ಪೆಟ್ರೋಲ್ ನಾನೇ ಸೇರಿಸಿದ್ದು.

ಮೂರೂ ಕಾಲೇಜಿನ ಕ್ಯಾಪ್ಟನ್‌ಗಳಿಗೆ ಫೋನ್ ಮಾಡಿದೆ. ಇಬ್ಬರು ಹ್ಞೂಂ ಅಂದ್ರು, ಒಬ್ಬ ಯೋಚನೆ ಮಾಡ್ತೀನಿ ಅಂದ. ಶೀಟ್ ತಗೊಂಡು ಪಿಡಿ ಸರ್ ಹತ್ರ ಹೋದೆ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದ್ರು. "ಲೆಕ್ಕ ಚೆನ್ನಾಗಿದೆ. ಲೀಗ್ ಆಮೇಲೆ ನೋಡಣಪ್ಪ. ಶನಿವಾರದೊಳಗೆ ಹತ್ತು ಹುಡುಗರನ್ನ ತೋರ್ಸು. ಇಲ್ಲಾಂದ್ರೆ ಈ ಸಲ ಯೂನಿವರ್ಸಿಟಿ ಎಂಟ್ರಿನೂ ಕಳ್ಸಲ್ಲ" ಅಂದ್ರು.

ನಮ್ಮ ಹತ್ರ ಇರೋದು ಆರು ಹೆಸರು. ಆರನೇದು ನಂದು.

7/7

ಇನ್‌ಕಮ್ ಟ್ಯಾಕ್ಸ್ ಕ್ಲಾಸಲ್ಲಿ ನಿದ್ದೆ ಮಾಡದೆ ಇದ್ದವರಿಗೆ ಇದು ನೆನಪಿರತ್ತೆ. ಬಿಸಿನೆಸ್ಸಲ್ಲಿ ನಷ್ಟ ಆದ್ರೆ ಎಂಟು ವರ್ಷದ ತನಕ ಕ್ಯಾರಿ ಫಾರ್ವರ್ಡ್ ಮಾಡಬಹುದು, ಮುಂದೆ ಲಾಭ ಬಂದಾಗ ಅದರಲ್ಲಿ ಕಳೀಬಹುದು. ಆದ್ರೆ ಒಂದು ಷರತ್ತು: ನಷ್ಟ ಆದ ವರ್ಷದ ರಿಟರ್ನ್ಸ್ ಟೈಮಿಗೆ ಫೈಲ್ ಮಾಡಿರಬೇಕು. ನಷ್ಟ ಆಯ್ತು ಅಂತ ಮುಖ ಮುಚ್ಕೊಂಡು ಕೂತವನಿಗೆ ಆ ನಷ್ಟವೂ ದಕ್ಕಲ್ಲ.

ಕ್ಯಾಲ್‌ಟೆಕ್ ಹುಡುಗರು ಇಪ್ಪತ್ತಾರು ವರ್ಷ ಫೈಲ್ ಮಾಡಿದ್ರು. ನಮ್ಮ 58–17ನ್ನೂ ಫೈಲ್ ಮಾಡಬೇಕು ಅಂತ ನನ್ನ ಆಸೆ.

ನಾನೀಗ ಐದನೇ ಸೆಮ್. ಗೆಲುವು ನೋಡೋ ಅಷ್ಟು ಟೈಮ್ ನನಗಿಲ್ಲ ಅನ್ಸತ್ತೆ. ಅದು ಪರವಾಗಿಲ್ಲ ಅಂತ ಹೇಳಿದ್ರೆ ಸುಳ್ಳಾಗತ್ತೆ, ಹೊಟ್ಟೆ ಉರಿಯತ್ತೆ. ಆದ್ರೂ ಈಗ ಫಸ್ಟ್ ಇಯರಲ್ಲಿರೋ ಯಾವನೋ ಒಬ್ಬ ಎರಡು ವರ್ಷ ಬಿಟ್ಟು ಆ ಸುಣ್ಣದ ಗೆರೆ ಮೇಲೆ ನಿಂತಿರ್ತಾನೆ. ಅವನಿಗೆ ಕೋರ್ಟ್ ಇರಬೇಕು, ಟೀಮ್ ಇರಬೇಕು.

ಬೇಕಾಗಿರೋದು ನಾಲ್ಕು ಜನ. ಆಡೋಕೆ ಬರಬೇಕು ಅಂತಿಲ್ಲ, ನನ್ನ ನೋಡಿದ್ರೆ ಗೊತ್ತಾಗತ್ತೆ. ಸಂಜೆ ಕೆಲಸಕ್ಕೆ ಹೋಗೋರು ವಾರಕ್ಕೆ ಎರಡೇ ದಿನ ಬಂದ್ರೂ ಸಾಕು. ಬಿಟ್ಟು ಹೋದ ಮೂವರೂ ಇದನ್ನ ಓದ್ತೀರ ಅಂತ ಗೊತ್ತು. "ವರ್ಷಪೂರ್ತಿ ಪ್ರಾಕ್ಟೀಸಾ?" ಅಂತ ಕೇಳಿದ್ಯಲ್ಲ ಮಗಾ, ಉತ್ತರ ಇದು: ವರ್ಷಕ್ಕೊಂದ್ ಸಲ ಬೇಡ, ಆರು ಸಲ ಸೋಲೋಣ ಬಾ.

ಸೋಮವಾರ ಬೆಳಗ್ಗೆ ಆರು ಗಂಟೆ. ಶೂ ಇಲ್ಲದವರು ಹೇಳಿ, ನನ್ನ ಹತ್ರ ಎಂಟನೇ ಸೈಜಿನ ಒಂದು ಜೊತೆ ಎಕ್ಸ್‌ಟ್ರಾ ಇದೆ. ನಾನು ಐದೂವರೆಗೇ ಬಂದಿರ್ತೀನಿ. ರಾತ್ರಿ ಮಳೆ ಬಂದ್ರೆ ಗೆರೆ ಮತ್ತೆ ಎಳೀಬೇಕಲ್ಲ.

#ಬೆಂಚಿನಿಂದ #ಸೋಲೋಕೂಮ್ಯಾಚ್‌ಬೇಕು #ಇನ್ನುನಾಲ್ಕುಜನ