ಬಾವಿಯಿಂದ ಕಡಲಿಗೆ

ಬಾವಿಗೆ ಇಳಿಯೋದು ಅಂದರೆ ನಮ್ಮ ಕಡೆ ಬಿದ್ದ ಕೊಡ ಎತ್ತೋದಕ್ಕೆ, ಅದೂ ಗಂಡಸರು. ಹಾನರ್ ಫ್ರಾಸ್ಟ್ ಎಂಬಾಕೆ ಲಂಡನ್ನಿನ ವಿಂಬಲ್ಡನ್‌ನಲ್ಲಿ ಒಂದು ಹಿತ್ತಲ ಬಾವಿಗೆ ಇಳಿದದ್ದು ನೀರಿನೊಳಗೆ ಉಸಿರಾಡಿ ನೋಡೋದಕ್ಕೆ! ಆಕೆಯ ಕತೆಯನ್ನು ನಮ್ಮ ಮನೆಗೆ ತಂದವಳು ನನ್ನ ಮಗಳು.

ಬಿ.ಎ.ಯಲ್ಲಿ ಇತಿಹಾಸ ಓದುತ್ತಿರುವ ಅವಳು ಮುಂದೆ ಪುರಾತತ್ವ ಓದ್ತೀನಿ ಅಂದಳು. "ಹೆಣ್ಣುಹುಡುಗಿ ಬಿಸಿಲಲ್ಲಿ ಮಣ್ಣು ಅಗೆಯೋದೇನೇ?" ಎಂದರು ನಮ್ಮತ್ತೆ. "ಮಣ್ಣಲ್ಲ ಅಜ್ಜಿ, ಸಮುದ್ರದಡಿ. ಮುಳುಗಿದ ಹಡಗುಗಳು." ಹೂ ಕಟ್ಟುತ್ತಿದ್ದ ಅತ್ತೆಯ ಕೈ ಹಾಗೇ ನಿಂತಿತು. ನನ್ನೆದೆಯೂ ಝಲ್ಲೆಂದಿತು.

ಹಾನರ್ ಹುಟ್ಟಿದ್ದು 1917ರಲ್ಲಿ, ಸೈಪ್ರಸ್‌ನಲ್ಲಿ. ಎಳವೆಯಲ್ಲೇ ತಬ್ಬಲಿ. ಕಲಿತದ್ದು ಚಿತ್ರಕಲೆ. 1957ರಲ್ಲಿ ಜೆರಿಕೋ ಉತ್ಖನನಕ್ಕೆ ನಕ್ಷೆ ಬರೆಯಲು ಹೋದರು. ಪದರ ಪದರವಾಗಿ ಅಳೆದು ಬರೆಯುವ ಆ ಶಿಸ್ತನ್ನೇ ಕಡಲಡಿಗೂ ಒಯ್ದರು. 1960ರಲ್ಲಿ ಟರ್ಕಿಯ ಗೆಲಿಡೋನ್ಯ ಭೂಶಿರದ ಬಳಿ ಸುಮಾರು 3,200 ವರ್ಷ ಹಳೆಯ ಹಡಗನ್ನು ಶೋಧಿಸಿದ ತಂಡದಲ್ಲಿ ಅವರಿದ್ದರು. 1971ರಿಂದ ಸಿಸಿಲಿಯ ಮರ್ಸಾಲ ಬಳಿ ಕಾರ್ತೇಜಿನವರ ಹಡಗೊಂದರ ಉತ್ಖನನಕ್ಕೆ ತಾವೇ ಮುಖ್ಯಸ್ಥೆ. ಆಗ ವಯಸ್ಸು ಐವತ್ತು ದಾಟಿತ್ತು! ಹಲಗೆಗಳ ಮೇಲೆ ಬಡಗಿಗಳು ಗುರುತಿಗೆಂದು ಬರೆದ ಅಕ್ಷರಗಳು ಎರಡು ಸಾವಿರ ವರ್ಷಕ್ಕೂ ಮೀರಿ ಉಳಿದಿದ್ದವು. ಹಡಗಿನವರು ಉಂಡು ಬಿಟ್ಟ ಮೂಳೆಗಳನ್ನೂ ಜೋಪಾನವಾಗಿ ಎತ್ತಿದರು.

ಚಿನ್ನದ ಹಿಂದೆ ಬಿದ್ದವರಲ್ಲ ಆಕೆ. ಬೇರೆಯವರು ಲೆಕ್ಕಕ್ಕೇ ಇಡದ ತೂತಿನ ಕಲ್ಲುಗಳನ್ನು, ಅಂದರೆ ಹಳೆಯ ಲಂಗರುಗಳನ್ನು, ಅಳೆದು, ಬರೆದು, ಯಾವುದು ಯಾವ ನಾಡಿನದೆಂದು ಹುಡುಕಿದರು. ನಮ್ಮ ದ್ವಾರಕೆಯ ಕಡಲಲ್ಲೂ ಇಂಥ ಕಲ್ಲುಗಳು ಸಿಕ್ಕಿವೆ. ಅಲ್ಲಿ 1980ರ ದಶಕದಲ್ಲಿ ಶೋಧ ನಡೆಸಿದವರು ಕನ್ನಡಿಗರೇ ಆದ ಡಾ. ಎಸ್. ಆರ್. ರಾವ್.

"ಅಪಾಯ ಇಲ್ವೇನೇ?" ಎಂದೆ. "ಇದೆಯಮ್ಮ" ಎಂದಳು. ಒಬ್ಬರೇ ಮುಳುಗೋ ಹಾಗಿಲ್ಲ. ಆಳ ಹೆಚ್ಚಿದಷ್ಟೂ ಹೊತ್ತು ಕಡಿಮೆ. ಅವಸರದಲ್ಲಿ ಮೇಲೆ ಬಂದರೆ ರಕ್ತದಲ್ಲಿ ಗಾಳಿಗುಳ್ಳೆ ಎದ್ದು ಜೀವಕ್ಕೇ ಕುತ್ತು, ಆದ್ದರಿಂದ ನಿಂತು ನಿಂತು ಬರಬೇಕು. ಇದು ಹುಚ್ಚು ಧೈರ್ಯದ ಕೆಲಸವಲ್ಲ, ಗಡಿಯಾರ ನೋಡಿ ಮಾಡುವ ಕೆಲಸ. ಸಿಕ್ಕಿದ ಮರವನ್ನೂ ಒಣಗಲು ಬಿಡುವಂತಿಲ್ಲವಂತೆ, ಸೀಳುತ್ತದೆ. ನೀರಲ್ಲೇ ಇಟ್ಟು, ವರ್ಷಗಟ್ಟಲೆ ಮೇಣದಂಥ ದ್ರವ ಕುಡಿಸಬೇಕು. ಇಷ್ಟು ತಾಳ್ಮೆ ಬೇಡುವ ಕೆಲಸ ಹೆಂಗಸರಿಗಲ್ಲ ಎಂದವರು ಯಾರು, ನೀವೇ ಹೇಳಿ?

ಹಾನರ್ 2010ರಲ್ಲಿ ತೀರಿಕೊಂಡರು. ಅವರ ಆಸ್ತಿಯಿಂದ ಹುಟ್ಟಿದ ಪ್ರತಿಷ್ಠಾನ ಇಂದು ಇದೇ ವಿದ್ಯೆ ಕಲಿಯುವವರಿಗೆ ನೆರವಾಗುತ್ತಿದೆ.

ಮಗಳ ಮದುವೆಗೆಂದು ಕಟ್ಟುತ್ತಿದ್ದ ಚೀಟಿಯ ಹಣ ಈಚೆಗೆ ಕೈಗೆ ಬಂತು. ಅದನ್ನು ಅವಳ ಎಂ.ಎ. ಫೀಸಿಗೆ ತೆಗೆದಿಟ್ಟಿದ್ದೇವೆ. ಅತ್ತೆಯದು ಒಂದೇ ಷರತ್ತು: ಮೊದಲು ಈಜು ಚೆನ್ನಾಗಿ ಕಲಿಯಬೇಕಂತೆ.